ಸೊಂಟದ ಅಳತಿಗೂ ಬಿಪಿಗೂ ಸಂಬಂಧನ ಇಲ್ಲ ಅಂತೈತಿ ಜಾಮೋವಿ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್, ಯಾರರ ನೋಡ್ರಿ

ಬಾಗಲಕೋಟಿ_ಪಿಜಿ:
ನಮಸ್ಕಾರ್ರಿ ಎಲ್ಲಾರ್ಗೂ. ಕಮ್ಯುನಿಟಿ ಮೆಡಿಸಿನ್ ಪಿಜಿ ಅದೀನಿ, ಥೀಸಿಸ್‌ಗೆ ಇಲ್ಲೇ ಸುತ್ತಮುತ್ತ ಹಳ್ಳ್ಯಾಗ ಮೂವತ್ತು ದಾಟಿದವ್ರ ಬಿಪಿ, ತೂಕ, ಎತ್ತರ, ಸೊಂಟದ ಸುತ್ತಳತಿ ತಗೊಂಡೇವಿ. ಎಕ್ಸೆಲ್‌ನ್ಯಾಗ ಎಂಟ್ರಿ ಮಾಡ್ಸಿ ಜಾಮೋವಿಗೆ ಹಾಕ್ದೆ. ಬಿಎಂಐಗೂ (ಎತ್ತರಕ್ಕ ತಕ್ಕ ತೂಕದ ಲೆಕ್ಕ) ಸಿಸ್ಟೊಲಿಕ್ ಬಿಪಿಗೂ (ಬಿಪಿಯ ಮ್ಯಾಲಿನ ನಂಬರ್) ಪಿಯರ್ಸನ್ ಆರ್ (ಎರಡು ಅಳತಿ ಎಷ್ಟು ಹೊಂದಿಕೊಂಡು ಏರಿಳೀತಾವ ಅನ್ನೋ ನಂಬರ್) ಚಲೋನ ಬರ್ತೈತಿ, ಆದ್ರ ಸೊಂಟದ್ದು ಸೊನ್ನಿ ಹತ್ರಾನ ಕುಂತೈತಿ, ಡೇಟಾಕ್ಕ ನೆಟ್ಟನ ಗೆರಿ ಹೊಂದಿಸೋ ಲೀನಿಯರ್ ರಿಗ್ರೆಶನ್‌ದಾಗೂ ಅದ ಕತಿ. ಗೈಡ್ ಸರ್ ನೋಡಿ "ಹೊಟ್ಟಿ ಬಂದವ್ರಿಗೆ ಬಿಪಿ ಇರೂದಿಲ್ಲ ಅಂತ ಬರಿಯಾಂವ ಏನಪಾ" ಅಂದ್ರು. ಸ್ಪಿಯರ್‌ಮನ್ ಹಾಕಿದ್ರ ಮಾತ್ರ ಸ್ವಲ್ಪ ಮ್ಯಾಲ ಬರ್ತೈತಿ, ಅದ್ಯಾಕ ಅಂತ ತಿಳೀವಲ್ದು.

ಗೋಳಗುಮ್ಮಟ_ಡೇಟಾ:
ಸ್ಪಿಯರ್‌ಮನ್ ಮ್ಯಾಲ ಬರ್ತದ ಅಂದ್ರಲ್ಲ, ಅಲ್ಲೇ ಅದ ಸುಳಿವು. ಅದು ರ‍್ಯಾಂಕ್ ಅಷ್ಟ ನೋಡ್ತದ, ಯಾರ್ದೋ ಒಂದು ಅಳತಿ ಎಷ್ಟ ದೂರ ಹೋಗಿ ಕುಂತ್ರೂ ಅದಕ್ಕ 'ಎಲ್ಲಾರ್ಕಿಂತ ದೊಡ್ಡದು' ಅಂತ ಅಷ್ಟ ಲೆಕ್ಕ. ಪಿಯರ್ಸನ್ ಹಂಗಲ್ಲ, ಸರಾಸರಿಯಿಂದ ಎಷ್ಟು ದೂರ ಅನ್ನೂದನ್ನ ಗುಣಿಸಿ ಕೂಡಿಸ್ತದ, ನಾಕೈದು ಹುಚ್ಚ ನಂಬರ್ ಇದ್ರೂ ಸಾಕು, ಉಳಿದವ್ರ ಮಾತು ಕೇಳಿಸೂದಿಲ್ಲ. ಡಿಸ್ಕ್ರಿಪ್ಟಿವ್ಸ್‌ಗೆ ಹೋಗಿ ಸೊಂಟದ ಕಾಲಂ ಮಿನಿಮಮ್ ಮ್ಯಾಕ್ಸಿಮಮ್ ನೋಡ್ರಿ, ಸ್ಕ್ಯಾಟರ್ ಪ್ಲಾಟ್ ತಗೀರಿ. ನಮ್ಮ ಕಡೆ ಎಲ್ಲಾರೂ ಮೊದಲ ಪಿ ವ್ಯಾಲ್ಯೂ (ಸಂಬಂಧನ ಇರದಿದ್ರೂ ಇಂಥಾ ಫಲಿತಾಂಶ ಬರೋ ಸಾಧ್ಯತಿ) ಹುಡಕ್ತಾರ, ಚಿತ್ರ ಕಡೀಕ, ಅದೂ ಗೈಡ್ ಬೈದ ಮ್ಯಾಲ. 1973ರಾಗ ಆನ್ಸ್‌ಕೊಂಬ್ ಅನ್ನೋ ಸಂಖ್ಯಾಶಾಸ್ತ್ರಜ್ಞ ನಾಕು ಸಣ್ಣ ಡೇಟಾಸೆಟ್ ಮಾಡಿಟ್ಟಾನ, ಒಂದೊಂದ್ರಾಗ ಹನ್ನೊಂದ ಪಾಯಿಂಟ್, ನಾಕಕ್ಕೂ ಆರ್ ಹೆಚ್ಚುಕಮ್ಮಿ 0.816, ನಾಕಕ್ಕೂ ಗೆರಿ ಒಂದ. ಚಿತ್ರ ತಗದ್ರ ಒಂದು ಬರೋಬ್ಬರಿ, ಒಂದು ಬಿಲ್ಲಿನಂಗ ಬಗ್ಗೇದ, ಇನ್ನೊಂದ್ರಾಗ ಒಂದ ಪಾಯಿಂಟ್ ಇಡೀ ಗೆರಿನ್ನ ಜಗ್ಗಿ ಹಿಡದದ.

ಬಾಗಲಕೋಟಿ_ಪಿಜಿ:
ಮ್ಯಾಕ್ಸಿಮಮ್ 999 ಐತ್ರಿ ಸರ 😄 ಸೊಂಟಕ್ಕ ಟೇಪ್ ಹಚ್ಚಾಕ ಒಪ್ಪದಿದ್ದ ಹೆಣ್ಮಕ್ಕಳ ಮುಂದ ಎಂಟ್ರಿ ಮಾಡೋ ಹುಡುಗ್ರು 999 ಒತ್ಯಾರ. ಆ ಸಾಲು ಅಳಿಸಿಬಿಡ್ಲೇನ್ರಿ?

ಗೋಳಗುಮ್ಮಟ_ಡೇಟಾ:
ಅಳಿಸಬ್ಯಾಡ್ರಿ. ಕಾಲಂ ಹೆಸರಿನ ಮ್ಯಾಲ ಡಬಲ್ ಕ್ಲಿಕ್ ಹೊಡೀರಿ, ಮಿಸ್ಸಿಂಗ್ ವ್ಯಾಲ್ಯೂಸ್ ಅಂತ ಬರ್ತದ, ಅಲ್ಲಿ 999 ಕೊಡ್ರಿ. ಆದ್ರ ಒಪ್ಪದವ್ರೆಲ್ಲಾ ಹೆಣ್ಮಕ್ಕಳ ಅಂದ್ರ ಅದು ಬರೇ ಖಾಲಿ ಖಾನೆ ಅಲ್ಲ, ಎಷ್ಟು ಮಂದಿ, ಯಾವ ವಯಸ್ಸು ಅಂತ ಥೀಸಿಸ್‌ದಾಗ ಬರೀರಿ.

ಬಾಗಲಕೋಟಿ_ಪಿಜಿ:
ಆತ್ರಿ, ಈಗ ಸೊಂಟದ ಆರ್ ಬಿಎಂಐಕ್ಕಿಂತ ಚಲೋ ಬಂತು. ಆದ್ರ ಹೊಸಾ ಕಿರಿಕಿರಿ. ವಯಸ್ಸು, ಬಿಎಂಐ, ಸೊಂಟ ಮೂರೂ ಕೂಡಿ ರಿಗ್ರೆಶನ್‌ಗೆ ಹಾಕಿದ್ರ ಬಿಎಂಐ ಕೋಎಫಿಶಿಯಂಟ್ (ಬಿಎಂಐ ಒಂದು ಏರಿದ್ರ ಬಿಪಿ ಎಷ್ಟು ಬದಲಾಗ್ತೈತಿ ಅನ್ನೋ ನಂಬರ್) ಮೈನಸ್ ಆಗೈತಿ! ಒಂದ ಒಂದು ಹಾಕಿದ್ರ ಪ್ಲಸ್. ದಪ್ಪ ಆದ್ರ ಬಿಪಿ ಇಳೀತೈತಿ ಅಂದಂಗಾತಲ್ರಿ.

ಕುಂದಾ_ಅಕ್ಕ:
ಬೆಳಗಾವಿಯಿಂದ ನಾನೊಂದು ಹೇಳ್ತೀನಿ ತಮ್ಮಾ. ಬಿಎಂಐ, ಸೊಂಟ ಎರಡೂ ಒಂದ ಬೊಜ್ಜನ್ನ ಬ್ಯಾರೆ ಬ್ಯಾರೆ ಟೇಪಿಲೆ ಅಳ್ಯಾಕತ್ತಾವು. ಒಂದ ನೊಗಕ್ಕ ಎರಡು ಎತ್ತು ಕಟ್ಟಿ ಯಾವ ಎತ್ತು ಎಷ್ಟು ಎಳೀತು ಅಂತ ಕೇಳಿದಂಗ ಆತು. ಕೋಲಿನಿಯಾರಿಟಿ ಟಿಕ್ ಮಾಡಿ ವಿಐಎಫ್ ನೋಡು, ಅಳತಿಗಳು ಒಂದಕ್ಕೊಂದು ಎಷ್ಟು ಹೆಣಕೊಂಡಾವು ಅಂತ ಅದು ಹೇಳ್ತೈತಿ. ಲೆಕ್ಕ ಸರಳ ಐತಿ, ಒಂದರಿಂದ ಆರ್-ಸ್ಕ್ವೇರ್ ಕಳದು, ಬಂದದ್ದರಿಂದ ಒಂದನ್ನ ಭಾಗಿಸೂದು. ಇವೆರಡರ ನಡುವ ಆರ್ 0.9 ಇದ್ರ ಸ್ಕ್ವೇರ್ 0.81, ಅಂದ್ರ ವಿಐಎಫ್ 5.3 ಹತ್ರ, 0.95 ಇದ್ರ ಹತ್ತು ದಾಟ್ತೈತಿ. ಎಷ್ಟು ದಾಟಿದ್ರ ತೊಂದ್ರಿ ಅಂದ್ರ ಕೆಲವ್ರು ಐದು ಅಂತಾರ, ಕೆಲವ್ರು ಹತ್ತು ಅಂತಾರ, ನನಗ ಆ ಗೆರಿ ಮ್ಯಾಲ ಅಷ್ಟು ನಂಬಿಕಿ ಇಲ್ಲ, ಸ್ಟ್ಯಾಂಡರ್ಡ್ ಎರರ್ (ಕೋಎಫಿಶಿಯಂಟ್ ಅಂದಾಜು ಎಷ್ಟು ಅಲ್ಲಾಡ್ತೈತಿ ಅನ್ನೂದು) ಎಷ್ಟು ಉಬ್ಬೇತಿ ನೋಡು.

ಇನ್ನೊಂದು, ಆ ಮೈನಸ್ ಹೇಳೂದು 'ದಪ್ಪ ಆದ್ರ ಬಿಪಿ ಇಳೀತೈತಿ' ಅಂತಲ್ಲ. ವಯಸ್ಸು ಒಂದ, ಸೊಂಟಾನೂ ಒಂದ ಇರೋ ಇಬ್ರೊಳಗ ಬಿಎಂಐ ಒಂದು ಹೆಚ್ಚಿದ್ದಾಂವನ ಬಿಪಿ ಎಷ್ಟು ಬ್ಯಾರೆ ಅಂತ. ಸೊಂಟ ಅಷ್ಟ ಇದ್ದು ತೂಕ ಹೆಚ್ಚು ಅಂದ್ರ ಹೊಲದಾಗ ದುಡದ ಗಟ್ಟಿ ಮೈ ಇರಬಹುದು. ಸಿನಾಪ್ಸಿಸ್‌ದಾಗ ಮೊದಲ ಬರ್ಕೊಂಡಿದ್ದು ಯಾವುದೋ ಅದೊಂದನ್ನ ಇಟ್ಕೊ, ಇನ್ನೊಂದಕ್ಕ ಬ್ಯಾರೆ ಮಾಡೆಲ್ ಮಾಡು. ಆರ್ ದೊಡ್ಡದು ಬಂತಂತ ಈಗ ಸೊಂಟಕ್ಕ ಜಿಗೀಬ್ಯಾಡ.

ಗೋಳಗುಮ್ಮಟ_ಡೇಟಾ:
ಅಕ್ಕಾರ ಹೇಳಿದ್ದು ಖರೆ. ಪ್ಲಾಟ್ ಹಾಕೀರಲ್ಲ, ಅದ್ರಾಗ 120, 130, 140ಕ್ಕ ಅಡ್ಡಡ್ಡ ಸಾಲು ಕಾಣಸ್ತಾವ, ಅಂದ್ರ ಅಳದವ್ರು ಕಡೀ ಅಂಕಿ ಸೊನ್ನಿಗೆ ತಂದು ನಿಲ್ಲಿಸ್ಯಾರ. ನಡುವ 135ನೂ ಅವ. ಮರ್ಕ್ಯುರಿ ಬಿಪಿ ಮಶೀನ್ ಏನ್ರಿ? ಅದ್ರಾಗ ಗೀಟು ಎರಡೆರಡಕ್ಕ ಇರ್ತಾವ, 135 ಓದಾಕ ಬರೂದಿಲ್ಲ. ಮತ್ತ ಬಿಪಿ ಗುಳಗಿ ತಗೊಳ್ಳೋರು ಎಷ್ಟು ಮಂದಿ? ಅವ್ರ ಬಿಪಿ ಗುಳಗಿಲೇ ಇಳದಿರ್ತದ, ದಪ್ಪಿದ್ದವ್ರ ಹೆಚ್ಚು ಗುಳಗಿ ತಗೊಂಡ್ರ ಸಂಬಂಧ ಸಪ್ಪಗ ಕಾಣ್ತದ.

ಬಾಗಲಕೋಟಿ_ಪಿಜಿ:
ಮರ್ಕ್ಯುರಿನ ರಿ. ಗುಳಗಿ ಕಾಲಂ ಐತಿ, ಅದನ್ನೂ ರಿಗ್ರೆಶನ್‌ದಾಗ ಹಾಕ್ಲೇನು?

ಕುಂದಾ_ಅಕ್ಕ:
ಬರೇ ಕೋವೇರಿಯೇಟ್ (ವಯಸ್ಸಿನಂಗ ಇನ್ನೊಂದು ಕಾಲಂ) ಮಾಡಿ ಹಾಕಿದ್ರ ಸರಿ ಹೋಗೂದಿಲ್ಲ, ಬಿಪಿ ಇತ್ತಂತ ಗುಳಗಿ ಬಂತು, ಗುಳಗಿ ಬಂತಂತ ಬಿಪಿ ಬರಲಿಲ್ಲ. ತಗೊಳ್ಳೋರ ಸಿಸ್ಟೊಲಿಕ್‌ಗೆ 10 ಇಲ್ಲಾ 15 ಕೂಡಿಸಿ ಒಮ್ಮೆ ಓಡಿಸೂ ಪದ್ಧತಿ ಐತಿ. ಹಂಗೂ ಮಾಡು, ಕೂಡಿಸದನೂ ಮಾಡು, ಎರಡೂ ಟೇಬಲ್ ಗೈಡ್ ಮುಂದ ಇಡು. ರೆಸಿಡ್ಯುಅಲ್ (ಖರೆ ಬಿಪಿಗೂ ಮಾಡೆಲ್ ಹೇಳಿದ ಬಿಪಿಗೂ ಇರೋ ಫರಕು) ಪ್ಲಾಟ್ ಮರೀಬ್ಯಾಡ. ನಾರ್ಮಲ್ (ಗಂಟಿ ಆಕಾರದ ಹರಡಿಕಿ) ಇರಬೇಕಾದ್ದು ರೆಸಿಡ್ಯುಅಲ್, ವಯಸ್ಸಿನ ಕಾಲಂ ಅಲ್ಲ, ವೈವಾದಾಗ ಇದನ್ನ ಕೇಳ್ತಾರ.

ಬಾಗಲಕೋಟಿ_ಪಿಜಿ:
ಎರಡೂ ಓಡ್ಸಿದೆ ಅಕ್ಕಾರ. ಬಿಎಂಐ ಒಂದ ಇಟ್ಟೆ, ಪ್ಲಸ್ ಬಂತು, ಕೂಡಿಸಿದ ಮಾಡೆಲ್‌ದಾಗ ಇನ್ನೂ ಸ್ವಲ್ಪ ಏರಿತು. ಗೆಳ್ಯಾ ಒಬ್ಬಾಂವ ತನ್ನ ಇನ್ನೊಂದು ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್‌ದಾಗ ಹಾಕಿ ನೋಡ್ದ, ಅಲ್ಲಿ ಪಿ 0.000 ಅಂತೈತಿ, ಹಂಗ ಬರೀಲೇನ್ರಿ?

ಗೋಳಗುಮ್ಮಟ_ಡೇಟಾ:
ಪಿ ಯಾವತ್ತೂ ಪೂರಾ ಸೊನ್ನಿ ಆಗೂದಿಲ್ರಿ, 0.001ಕ್ಕಿಂತ ಕಮ್ಮಿ ಅಂತ ಬರೀರಿ. ಕೋಎಫಿಶಿಯಂಟ್ ಬಾಜೂಕ 95% ಕಾನ್ಫಿಡೆನ್ಸ್ ಇಂಟರ್ವಲ್ (ಖರೆ ನಂಬರ್ ಇರಬಹುದಾದ ಅಂದಾಜಿನ ಹರವು) ಹಾಕ್ರಿ, ಯುನಿಟ್‌ನೂ ಹಾಕ್ರಿ, ಬಿಎಂಐ ಒಂದು ಏರಿದ್ರ ಬಿಪಿ ಎಷ್ಟು ಎಂಎಂ ಏರ್ತದ ಅಂತ.