ಮೂವ್‌ಮೆಂಟ್ ಟ್ರೈನಿಂಗ್: ಹಿಮ್ಮಡಿ ಏಳುತ್ತೆ, ಮಣಿಕಟ್ಟು ನೋಯುತ್ತೆ. ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ:
ನಮಸ್ಕಾರ. ದಿನವಿಡೀ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಭಾರ ಎತ್ತುವ ಆಸೆ ಇಲ್ಲ; ಮೈ ಸಲೀಸಾಗಿ ಬಗ್ಗಬೇಕು, ಕೈ ಊರದೆ ನೆಲದಿಂದ ಏಳಬೇಕು, ಕಂಬಿಗೆ ಜೋತುಬೀಳಬೇಕು, ಅಷ್ಟೇ. ಕುಕ್ಕರಗಾಲಲ್ಲಿ ಕೂತರೆ ಹಿಮ್ಮಡಿ ಮೇಲೇಳುತ್ತೆ, ಊರಿ ಹಿಡಿದರೆ ಹಿಂದಕ್ಕೆ ಬೀಳ್ತೀನಿ. ಕರಡಿ ನಡಿಗೆ (ಮಂಡಿ ನೆಲಕ್ಕೆ ತಾಗದಂತೆ ಅಂಗೈ, ಪಾದ ಊರಿ ನಡೆಯೋದು) ಮಾಡಿದರೆ ಮಣಿಕಟ್ಟು ನೋವು. ಯಾವ ಕ್ರಮದಲ್ಲಿ, ವಾರಕ್ಕೆ ಎಷ್ಟು ದಿನ ಮಾಡಬೇಕು?

ಉತ್ತರ 1:
ಮೊದಲು ಬಿಗಿ ಎಲ್ಲಿದೆ ಅಂತ ಪತ್ತೆ ಮಾಡಿ. ಬರಿಗಾಲಲ್ಲಿ ಗೋಡೆಗೆ ಎದುರಾಗಿ ಒಂದು ಮಂಡಿ ಊರಿ. ಮುಂದಿನ ಪಾದದ ಹೆಬ್ಬೆರಳು ಗೋಡೆಯಿಂದ 10 ಸೆಂ.ಮೀ. ದೂರದಲ್ಲಿರಲಿ. ಹಿಮ್ಮಡಿ ಏಳದಂತೆ ಆ ಕಾಲಿನ ಮಂಡಿ ಗೋಡೆಗೆ ತಾಕುತ್ತಾ? ಎರಡೂ ಕಾಲು ನೋಡಿ.

ತಾಕದಿದ್ದರೆ ತೊಡಕು ಪಾದದ ಕೀಲಲ್ಲಿದೆ. ಎಳೆತ ಮೀನಖಂಡದಲ್ಲಿ ಅನಿಸಿದರೆ ಅದೇ ಭಂಗಿಯಲ್ಲಿ ಮಂಡಿಯನ್ನು ನಿಧಾನಕ್ಕೆ ಮುಂದೆ ಹಿಂದೆ 10–15 ಸಲ ಆಡಿಸಿ, ದಿನವೂ. ಪಾದದ ಕೀಲಿನ ಮುಂಭಾಗದಲ್ಲಿ ಚುಚ್ಚಿದಂತಾದರೆ ಬಲವಂತ ಮಾಡಬೇಡಿ. ಅದು ಸ್ನಾಯು ಎಳೆಯುವುದರಿಂದ ಸರಿಹೋಗುವಂಥದ್ದಲ್ಲ. ಆರಾಮವಾಗಿ ತಾಕಿದರೆ ಪಾದವನ್ನು ದೂರಬೇಡಿ. 2–3 ಕೆ.ಜಿ. ತೂಕ ಹಿಡಿದು ಕೈ ಮುಂದೆ ಚಾಚಿ ಕೂತು ನೋಡಿ. ಆಗ ಬೀಳದೆ ಕೂರಲು ಬಂದರೆ ಕೀಲುಗಳಲ್ಲಿ ಜಾಗ ಇದೆ, ಇಲ್ಲದ್ದು ಸಮತೋಲ.

ಎರಡರಲ್ಲಿ ಯಾವುದಾದರೂ ಸರಿ, ಅಭ್ಯಾಸ ಒಂದೇ: ಹಿಮ್ಮಡಿ ಕೆಳಗೆ 2–3 ಸೆಂ.ಮೀ. ದಪ್ಪದ ಹಲಗೆ ಇಟ್ಟು, ಬಾಗಿಲ ಚೌಕಟ್ಟು ಹಿಡಿದು, 30 ಸೆಕೆಂಡಿನಂತೆ ದಿನಕ್ಕೆ ಆರೇಳು ಸಲ ಕೂರಿ. ಒಂದೇ ಸಲಕ್ಕೆ ಐದು ನಿಮಿಷ ಕೂತರೆ ಮಂಡಿಯೂ ಬೆನ್ನೂ ದಣಿದು ಮರುದಿನ ಅದರ ಹತ್ತಿರ ಹೋಗಲೂ ಮನಸ್ಸಾಗಲ್ಲ. ಹಲಗೆಯನ್ನು ವಾರಗಳ ಮೇಲೆ ತೆಳುವಾಗಿಸುತ್ತಾ ಬನ್ನಿ. ಮಂಡಿ ಕಾಲ್ಬೆರಳುಗಳ ದಿಕ್ಕಿಗೇ ಇರಲಿ, ಒಳಕ್ಕೆ ವಾಲಬಾರದು.

ಉತ್ತರ 2:
ಮಣಿಕಟ್ಟಿನ ಬಗ್ಗೆ. ಕರಡಿ ನಡಿಗೆ ಮೊದಲ ದಿನದ ಪಾಠ ಅಲ್ಲವೇ ಅಲ್ಲ. ಸ್ನಾಯುಗಳಿಗೆ ಬಲ ಬೇಗ ಬರುತ್ತೆ, ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರುಗಳು) ಅದಕ್ಕಿಂತ ನಿಧಾನಕ್ಕೆ ಗಟ್ಟಿಯಾಗೋದು. ಹೊಸಬರು ಈ ನಡುವಿನ ಅಂತರದಲ್ಲಿ ಪೆಟ್ಟು ತಿನ್ನಬಹುದು. ಮೈಗೆ ಹುರುಪು ಬಂದಿರುತ್ತೆ, ಕೀಲು ಇನ್ನೂ ಸಿದ್ಧವಾಗಿರಲ್ಲ.

ಅಂಬೆಗಾಲಿನ ಭಂಗಿಯಲ್ಲಿ, ಮಂಡಿ ನೆಲದಲ್ಲೇ ಇದ್ದು, ಅಂಗೈ ಊರಿ ಭುಜವನ್ನು ಬೆರಳುಗಳ ಕಡೆಗೆ ತೂಗಿ, ಹಿಂದಕ್ಕೆ ಬನ್ನಿ. 10 ಸಲ. ಆಮೇಲೆ ಬೆರಳುಗಳನ್ನು ಮಂಡಿಯ ಕಡೆ ತಿರುಗಿಸಿ, ಸೊಂಟವನ್ನು ಹಿಂದಕ್ಕೆ ಸರಿಸುತ್ತಾ 10. ಕೊನೆಗೆ ಅಂಗೈ ಮಾತ್ರ ಎತ್ತಿ, ಬೆರಳು ನೆಲದಲ್ಲೇ ಒತ್ತಿ ಇನ್ನೊಂದು 10. ಎರಡು ವಾರ ನೋವಿಲ್ಲದೆ ನಡೆದರೆ ಮಂಡಿಯನ್ನು ನೆಲದಿಂದ 5 ಸೆಂ.ಮೀ. ಎತ್ತಿ, ಅಲ್ಲೇ 10 ಸೆಕೆಂಡು ನಿಲ್ಲಿ. ನಡಿಗೆ ಅದರ ನಂತರ: ಬಲಗೈ ಎಡಗಾಲು ಒಟ್ಟಿಗೆ, ಆಮೇಲೆ ಎಡಗೈ ಬಲಗಾಲು, ಹೆಜ್ಜೆ ಗೇಣಿಗಿಂತ ಉದ್ದ ಬೇಡ. ಸೊಂಟ ಮೇಲಕ್ಕೆ ಹೋಗ್ತಾ ಇದ್ದರೆ ದಣಿದಿದ್ದೀರಿ ಅಂತ ಅರ್ಥ, ಅಲ್ಲಿಗೆ ನಿಲ್ಲಿಸಿ. ಭಾರವೆಲ್ಲ ಅಂಗೈಯ ಬುಡಕ್ಕೆ ಬಿಟ್ಟರೆ ಮಣಿಕಟ್ಟು ನೋಯದೆ ಇರಲ್ಲ. ಬೆರಳುಗಳಿಂದ ನೆಲವನ್ನು ಹಿಡಿಯಿರಿ.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದ. ಜೋತುಬೀಳೋದನ್ನ ಇದರ ಜೊತೆಗೇ ಶುರು ಮಾಡಬಹುದಾ? ಪೂರ್ತಿ ಭಾರ ಬಿಟ್ಟರೆ ಭುಜ ಕಿತ್ತು ಬಂದ ಹಾಗೆ ಅನಿಸುತ್ತೆ.

ಉತ್ತರ 3:
ಮಾಡಬಹುದು, ಆದರೆ ಪೂರ್ತಿ ಭಾರ ಬಿಡಬೇಡಿ. ಕಂಬಿ ಕೆಳಗೆ ಸ್ಟೂಲ್ ಇಟ್ಟು ಪಾದ ಅದರ ಮೇಲಿರಲಿ, ಅರ್ಧ ಭಾರ ಮಾತ್ರ ಕೈಗೆ. 15 ಸೆಕೆಂಡು, ನಡುವೆ ಒಂದು ನಿಮಿಷ ಬಿಡುವು, ನಾಲ್ಕು ಸಲ. ಅದೇ ಭಂಗಿಯಲ್ಲಿ ಮೊಣಕೈ ಮಡಚದೆ ಭುಜವನ್ನು ಕಿವಿಯಿಂದ ಕೆಳಕ್ಕೆ ಎಳೆದು ಬಿಡಿ, 5 ಸಲ. ಕಿತ್ತು ಬಂದ ಹಾಗಾಗೋದು ಭುಜವನ್ನು ಹಿಡಿದಿಡುವ ಸ್ನಾಯು ಇನ್ನೂ ಕೆಲಸ ಕಲಿಯದ್ದಕ್ಕೆ ಇರಬಹುದು. ಹಿಂದೆ ಭುಜ ಜಾರಿದ್ದರೆ, ಅಥವಾ ಕೈ ಜುಮ್ಮೆನ್ನುತ್ತಿದ್ದರೆ, ಕಂಬಿ ಮುಟ್ಟುವ ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿ.

ವಾರದ ಲೆಕ್ಕ ಹೀಗಿರಲಿ: ಕುಕ್ಕರಗಾಲು ಮತ್ತು ಮಣಿಕಟ್ಟಿನ ತಯಾರಿ ದಿನವೂ, ಜೋತುಬೀಳುವುದು ಮತ್ತು ನಡಿಗೆ ದಿನ ಬಿಟ್ಟು ದಿನ, ಒಟ್ಟು 20–25 ನಿಮಿಷ. ಮಾಡುವಾಗ ಮಂದವಾದ ಎಳೆತ ಪರವಾಗಿಲ್ಲ. ಚುಚ್ಚುವ ನೋವು ಬೇಡ. ಮರುದಿನ ಬೆಳಿಗ್ಗೆಯೂ ಕೀಲು ನೋಯುತ್ತಿದ್ದರೆ ಮುಂದಿನ ಸಲ ಸಮಯವನ್ನು ಅರ್ಧಕ್ಕೆ ಇಳಿಸಿ, ಅಭ್ಯಾಸ ಮಾತ್ರ ಬಿಡಬೇಡಿ. ಕೈ ಊರದೆ ಏಳುವುದನ್ನು ಹಿಮ್ಮಡಿ ಹಲಗೆಯಿಲ್ಲದೆ ಊರಿದ ಮೇಲೆ ನೋಡೋಣ, ಆಗ ಇದೇ ಜಾಗದಲ್ಲಿ ಕೇಳಿ.