ಆಫ್ ಮಾಡಿದರೆ ಎಲ್ಲ ಬದಲಾವಣೆ ಅಳಿಯಬೇಕು, ವಿದ್ಯಾರ್ಥಿಗಳ ಕಡತ ಮಾತ್ರ ಉಳಿಯಬೇಕು: ಉಬುಂಟುವಿನಲ್ಲಿ ಹೇಗೆ?

ಭೀಮೆಯ ದಂಡೆ, ಯಾದಗಿರಿ:
ಶಹಾಪುರದ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಬೇಕಾಗಿದೆ. 12 ಮಶೀನು, ತಲಾ 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಉಬುಂಟು 22.04 (ಲಿನಕ್ಸ್ ಆಧಾರದ ಆಪರೇಟಿಂಗ್ ಸಿಸ್ಟಮ್). ಒಂದು ಬ್ಯಾಚಿನವರು ಕೆಡಿಸಿದ ಸೆಟ್ಟಿಂಗ್ ಮುಂದಿನ ಬ್ಯಾಚಿನವರ ತಾಸು ತಿನ್ನುತ್ತದೆ. ಕರೆಂಟ್ ಹೋಗಿ ಬಂದರೆ ಕೆಲವು ಮಶೀನು ಡಿಸ್ಕ್ ತಪಾಸಣೆಯಲ್ಲೇ ನಿಲ್ಲುತ್ತವೆ. ರೀಸ್ಟಾರ್ಟ್ ಮಾಡಿದರೆ ಮೊದಲಿನಂತೆ ಬರಬೇಕು. ಆದರೆ ಟೈಪ್ ಮಾಡಿದ ಕಡತ ಹೋಗಬಾರದು.

ತೊಗರಿ ಕಣಜ, ಕಲಬುರಗಿ:
ಆಗ್ತದ್ರಿ. ಓವರ್‌ಲೇರೂಟ್ ಅನ್ನೋ ಪ್ಯಾಕೇಜ್ ಇದಕ್ಕೇ ಇರೋದು. ಡಿಸ್ಕಿನ ಮೇಲಿನ ಸಿಸ್ಟಮ್ಮನ್ನ ಓದಲಿಕ್ಕಷ್ಟೇ ಬಿಟ್ಟು, ಬರೆದದ್ದನ್ನೆಲ್ಲ ರ‍್ಯಾಮಿನಲ್ಲಿ ಹಿಡಿತದ. ಆಫ್ ಆದ್ರ ರ‍್ಯಾಮ್ ಖಾಲಿ, ಬದಲಾವಣೆನೂ ಖಾಲಿ. ಸಿಸ್ಟಮ್ ಪಾರ್ಟಿಷನ್ (ಡಿಸ್ಕಿನಾಗ ಸಿಸ್ಟಮ್ಮಿಗಿರೋ ಪಾಲು) ಮೇಲೆ ಏನೂ ಬರೆಯೋದೇ ಇಲ್ಲ, ಹಂಗಾಗಿ ಕರೆಂಟ್ ಹೋದ್ರೂ ಅದು ಕೆಡೋ ಸಂದರ್ಭ ಭಾಳ ಕಡಿಮಿ.

ಲಾಕ್ ಮಾಡೋಕಿಂತ, ಅಂದ್ರ ಇದನ್ನ ಚಾಲೂ ಮಾಡೋಕಿಂತ, ಮೊದಲಿನ ಕೆಲಸನೇ ದೊಡ್ಡದು. ಅಪ್‌ಡೇಟ್, ಪ್ರಿಂಟರ್, ವೈಫೈ ಪಾಸ್‌ವರ್ಡ್, ಕನ್ನಡ ಟೈಪಿಂಗಿಗೆ ಐಬಸ್-ಎಂ17ಎನ್ ಹಾಕಿ ಕೆಜಿಪಿ ಕೀಲಿಮಣೆ, ಎಲ್ಲ ಮುಗಿಸ್ರಿ. ಇವುಗಳಲ್ಲಿ ಒಂದು ಮರೆತರೂ ದಿನಾ ಮುಂಜಾನೆ 12 ಸಲ ಅದನ್ನೇ ಮಾಡಬೇಕಾಗ್ತದ.

ಕಡತಕ್ಕ ಬೇರೆ ಪಾರ್ಟಿಷನ್ ಬೇಕು. ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಜಿಪಾರ್ಟೆಡ್ ಅನ್ನೋ ಡಿಸ್ಕ್ ಪಾಲು ಮಾಡೋ ಸಾಧನದಲ್ಲಿ 40 ಜಿಬಿ ಬಿಡಿಸಿ, ಎಕ್ಸ್ಟ್4 (ಲಿನಕ್ಸಿನ ಕಡತ ವ್ಯವಸ್ಥೆ) ಮಾಡ್ರಿ. ಬೂಟ್ ಆದಾಗ ಯಾವ ಪಾರ್ಟಿಷನ್ ಜೋಡಿಸಬೇಕು ಅನ್ನೋ ಪಟ್ಟಿ ಎಫ್‌ಎಸ್‌ಟ್ಯಾಬ್; ಅದರಲ್ಲಿ ಈ ಪಾರ್ಟಿಷನ್ನಿನ ಸಾಲಿಗೆ ನೋಫೇಲ್ ಸೇರಿಸ್ರಿ, ಇಲ್ಲಾಂದ್ರ ಆ ಪಾರ್ಟಿಷನ್ ಕೈಕೊಟ್ಟ ದಿನ ಬೂಟೇ ನಿಲ್ತದ. ವಿದ್ಯಾರ್ಥಿ ಖಾತೆಗೆ ಬರೆಯೋ ಹಕ್ಕು ಕೊಡೋದು ಮರೀಬ್ಯಾಡ್ರಿ.

ಆಮೇಲೆ ಇಟಿಸಿ ಫೋಲ್ಡರಿನ ಓವರ್‌ಲೇರೂಟ್ ಕಾನ್ಫ್ ಕಡತದಾಗ ಓವರ್‌ಲೇರೂಟ್ ಬೆಲೆಯನ್ನ «ಟಿಎಂಪಿಎಫ್‌ಎಸ್:ರಿಕರ್ಸ್=0» ಮಾಡಿ ರೀಸ್ಟಾರ್ಟ್ ಮಾಡ್ರಿ. ಟಿಎಂಪಿಎಫ್‌ಎಸ್ ಅಂದ್ರ ರ‍್ಯಾಮಿನಾಗಿನ ತಾತ್ಕಾಲಿಕ ಜಾಗ. ಇಲ್ಲಿ ಓದೋ ಹಂಗ ಬರೆದೀನಿ, ಮಶೀನಿನಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೀರಿ. ರಿಕರ್ಸ್ ಬಿಟ್ರ ಅದು 1 ಅಂತಲೇ ತಗೊಂಡು ಕಡತದ ಪಾರ್ಟಿಷನ್ನನ್ನೂ ರ‍್ಯಾಮಿನ ಹೊದಿಕೆ ಒಳಗ ಎಳಕೋತದ. ಹುಡುಗರ ಕೆಲಸ ಹೋಗೋದು ಇಲ್ಲೇ.

ಭೀಮೆಯ ದಂಡೆ, ಯಾದಗಿರಿ:
ಒಂದು ಮಶೀನಿನಲ್ಲಿ ಮಾಡಿದೆ, ಬದಲಾವಣೆ ಅಳಿಯುತ್ತಿದೆ. ಆದರೆ ಎರಡು ತಾಸು ಬ್ರೌಸರ್ ನಡೆದ ಮೇಲೆ ಡಿಸ್ಕಿನಲ್ಲಿ ಜಾಗ ಇಲ್ಲ ಎನ್ನುತ್ತದೆ. ಡಿಸ್ಕ್ ಮುಕ್ಕಾಲು ಖಾಲಿಯಿದೆ!

ಕೋಟೆ ಬಾಗಿಲು, ಬೀದರ್:
ತುಂಬಿರುವುದು ಡಿಸ್ಕಲ್ಲ, ರ‍್ಯಾಮಿನ ಪಾಲು. ಟಿಎಂಪಿಎಫ್‌ಎಸ್ ತಾನಾಗಿ ರ‍್ಯಾಮಿನ ಅರ್ಧದವರೆಗೆ ಹಿಗ್ಗಬಲ್ಲದು, ನಿಮ್ಮಲ್ಲಿ ಸುಮಾರು 2 ಜಿಬಿ. ಉಳಿದರ್ಧದಲ್ಲೇ ಡೆಸ್ಕ್‌ಟಾಪ್, ಬ್ರೌಸರ್ ಎಲ್ಲ ನಡೆಯಬೇಕು.

ಮೊದಲ ಅನುಮಾನ ತಾನಾಗಿ ಬರುವ ಅಪ್‌ಡೇಟ್ ಮೇಲೆ. ಹಾಕಿಕೊಂಡದ್ದು ಆಫ್ ಆದಾಗ ಮರೆತುಹೋಗುವುದರಿಂದ ಪ್ರತಿ ಬೂಟಿನಲ್ಲೂ ಅದನ್ನೇ ಮತ್ತೆ ಇಳಿಸಿಕೊಳ್ಳುತ್ತದೆ, ಇಂಟರ್‌ನೆಟ್ ಡೇಟಾವೂ ದಂಡ. ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್, ಆಪ್ಟ್-ಡೈಲಿ ಹಾಗೂ ಆಪ್ಟ್-ಡೈಲಿ-ಅಪ್‌ಗ್ರೇಡ್ ಟೈಮರ್‌ಗಳನ್ನು ನಿಲ್ಲಿಸಿ. ಸ್ನ್ಯಾಪ್‌ಗೂ (ಉಬುಂಟುವಿನ ಇನ್ನೊಂದು ಬಗೆಯ ಪ್ಯಾಕೇಜ್ ವ್ಯವಸ್ಥೆ, ಇದೂ ತಾನಾಗಿ ಅಪ್‌ಡೇಟ್ ಆಗುತ್ತದೆ) «ರಿಫ್ರೆಶ್ ಹೋಲ್ಡ್» ಕೊಡಿ. ಫೈರ್‌ಫಾಕ್ಸಿನ ಅಬೌಟ್ ಕಾನ್ಫಿಗ್‌ನಲ್ಲಿ ಡಿಸ್ಕ್ ಕ್ಯಾಶ್ ಫಾಲ್ಸ್ ಇರಲಿ. ಸಿಸ್ಟಮ್ಮಿನ ಲಾಗ್ ಬರೆಯುವ ಜರ್ನಲ್‌ಡಿಯಲ್ಲಿ ಸ್ಟೋರೇಜ್ ವೋಲಟೈಲ್, ರನ್‌ಟೈಮ್ ಮ್ಯಾಕ್ಸ್ ಯೂಸ್ 32 ಎಂ.

ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ) ಕೂಡ ನೋಡಿ. ಓವರ್‌ಲೇರೂಟ್ ಅದನ್ನು ತಾನೇ ಆಫ್ ಮಾಡುತ್ತದೆ. «ರಿಕರ್ಸ್=0» ಇರುವ ಸಾಲಿಗೆ ಅಲ್ಪವಿರಾಮ ಹಾಕಿ «ಸ್ವಾಪ್=1» ಸೇರಿಸಿ. ಉಬುಂಟು ಮಾಡಿಕೊಡುವ ಸ್ವಾಪ್ ಕಡತ ಓವರ್‌ಲೇ ಮೇಲೆ ನಡೆಯುವುದಿಲ್ಲ, 4 ಜಿಬಿಯ ಸ್ವಾಪ್ ಪಾರ್ಟಿಷನ್ನೇ ಬೇಕು. ನನ್ನ ಕೇಳಿದರೆ ಇದಕ್ಕಿಂತ ಇನ್ನೊಂದು 4 ಜಿಬಿ ರ‍್ಯಾಮ್ ಹಾಕುವುದೇ ಲೇಸು.

ಇವೆಲ್ಲ ಉಳಿಯಬೇಕಾದರೆ ಬೀಗ ತೆಗೆದು ಮಾಡಬೇಕು: ಬೂಟ್ ಆಗುವಾಗ ಬರುವ ಗ್ರಬ್ ಪರದೆಯಲ್ಲಿ ಇ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ «ಓವರ್‌ಲೇರೂಟ್=ಡಿಸೇಬಲ್ಡ್» ಬರೆದು ಎಫ್10. ಆ ಒಂದು ಬೂಟಿಗೆ ಮಾತ್ರ ಬೀಗ ಇರುವುದಿಲ್ಲ. ಚಿಕ್ಕ ತಿದ್ದುಪಡಿಗೆ ಓವರ್‌ಲೇರೂಟ್-ಸಿಎಚ್‌ರೂಟ್ (ಬೀಗ ತೆಗೆಯದೆ ಡಿಸ್ಕಿನ ಮೇಲಿನ ಸಿಸ್ಟಮ್ಮಿಗೇ ಬರೆಯುವ ಆಜ್ಞೆ) ಸಾಕು, ಕರ್ನಲ್ (ಸಿಸ್ಟಮ್ಮಿನ ತಿರುಳು) ಅಪ್‌ಡೇಟಿಗೆ ಮಾತ್ರ ಗ್ರಬ್ ದಾರಿಯೇ ಸರಿ.

ತೊಗರಿ ಕಣಜ, ಕಲಬುರಗಿ:
ಒಂದು ಮಾತು ಬಿಟ್ಟಿದ್ದೆ. ಕಡತದ ಪಾರ್ಟಿಷನ್ ಮೇಲೆ ಬರೀತಾನೇ ಇರ್ತಾರ, ಕರೆಂಟ್ ಹೋದ್ರ ಅದಕ್ಕ ಈ ರಕ್ಷಣೆ ಇಲ್ಲ. ಲಿಬ್ರೆಆಫೀಸ್‌ನಾಗ ಆಟೋರಿಕವರಿ (ತಾನಾಗಿ ಉಳಿಸೋದು) 2 ನಿಮಿಷಕ್ಕ ಇಟ್ಟು, ಅದರ ಬ್ಯಾಕಪ್ ಫೋಲ್ಡರ್ ದಾರಿನೂ ಅದೇ ಪಾರ್ಟಿಷನ್ನಿಗೆ ತಿರುಗಿಸ್ರಿ. ಹೋಮ್ ಫೋಲ್ಡರಿನಾಗ ಬಿಟ್ರ ಅದೂ ರ‍್ಯಾಮಿನ ಜೊತಿಗೇ ಹೋಗ್ತದ.