ಸಂಸಾರ ಸಾಗರಕ್ಕೊಂದು ಸೋರುವ ದೋಣಿ

"ನಾನೊಂದು ದೋಣಿ ತಗೋತಿದೀನಿ" ಎಂದು ಕಿಟ್ಟಿ ಹೇಳಿದಾಗ ಯಾರೂ ಕಾಫಿ ಲೋಟದಿಂದ ತಲೆ ಎತ್ತಲಿಲ್ಲ. ಹೋದ ವರ್ಷ ಅವನು ಮಣ್ಣಿನ ಮನೆ ಕಟ್ಟುವವನಿದ್ದ. ಅದಕ್ಕೂ ಮುಂಚೆ ಜೇನು ಸಾಕುವವನಿದ್ದ.

"ಹಾಯಿದೋಣಿ ಕಣ್ರೋ. ಮರದ್ದು. ಹಳೇದು. ಗಂಗೊಳ್ಳಿ ಹತ್ತಿರ ಯಾರದೋ ತೋಟದಲ್ಲಿ ಬಿದ್ದಿದೆಯಂತೆ. ನಾನೂ ಪದ್ದೂನೂ ಸೇರಿ ರಿಪೇರಿ ಮಾಡಿ, ಹಾಯಿ ಕಟ್ಟಿ ಸಮುದ್ರಕ್ಕೆ ಇಳಿಸ್ತೀವಿ. ವಾರಕ್ಕೊಂದು ವಿಡಿಯೋ."

"ನಿನ್ನ ಹೆಂಡತಿಗೆ ಗೊತ್ತಾ?" ಶಾಮಣ್ಣ ಕೇಳಿದ.

"ಸರ್‌ಪ್ರೈಸ್."

"ನಿಮ್ಮನೆ ಬಚ್ಚಲ ನಲ್ಲಿ ಸೋರೋದು ನಿಂತಿತಾ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ನೀರಿನ ಸಂಬಂಧ. ಅಲ್ಲಿ ಹೊರಗೆ ಸೋರ್ತಿದೆ, ಇಲ್ಲಿ ಒಳಗೆ ಸೋರುತ್ತೆ. ಹೊರಗೆ ಸೋರೋದಕ್ಕೆ ಬಕೆಟ್ ಇಡಬಹುದು. ಒಳಗೆ ಸೋರಿದರೆ ನೀನೇ ಬಕೆಟ್."

ಕಿಟ್ಟಿಗೆ ಸಿಟ್ಟು ಬಂತು. ಮೊಬೈಲ್ ತೆಗೆದು ಮೇಜಿನ ಮೇಲೆ ನಿಲ್ಲಿಸಿದ. "ಇದನ್ನ ನೋಡು ಮೊದಲು. ಟ್ಯಾಲಿ ಹೋ ಅಂತ. 1910ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ ಹಾಯಿದೋಣಿ. 1927ರ ಫಾಸ್ಟ್‌ನೆಟ್ ರೇಸ್ ಗೆದ್ದದ್ದು. ಆ ಸಲ ಎಂಥಾ ಬಿರುಗಾಳಿ ಅಂದರೆ, ಹೊರಟ ಹದಿನೈದರಲ್ಲಿ ಗುರಿ ಮುಟ್ಟಿದ್ದು ಎರಡೇ. ಆಮೇಲೆ ಎಲ್ಲೆಲ್ಲೋ ಅಲೆದು ಅಮೆರಿಕದಲ್ಲಿ ಕೊಳೀತಾ ಬಿದ್ದಿತ್ತು. 2017ರಲ್ಲಿ ಒಬ್ಬ ಹುಡುಗ ಅದನ್ನ ಎಷ್ಟಕ್ಕೆ ಕೊಂಡ ಗೊತ್ತಾ? ಒಂದು ಪೌಂಡ್!"

"ನೀರಿಗೆ ಬಿಟ್ಟಿದ್ದು ಯಾವಾಗ?"

"2024."

"ಏಳು ವರ್ಷ. ಶನಿಕಾಟಕ್ಕೆ ಅರ್ಧ ವರ್ಷ ಕಡಿಮೆ. ಅವನ ಜೊತೆ ಹೆಂಡತಿ ಇದ್ದಳಾ?"

"ಅಲ್ಲಿ ಇಲ್ಲಿಂದ ಬಂದ ಬಡಗಿಗಳು, ಸ್ವಯಂಸೇವಕರು ಇದ್ದರು. ಮತ್ತೆ..." ಕಿಟ್ಟಿ ತಡವರಿಸಿದ. "ವಿಡಿಯೋದಲ್ಲಿ ಒಂದು ಮಕಾವ್ ಗಿಳಿ ಬರುತ್ತೆ."

"ಗಿಳಿ ಪರವಾಗಿಲ್ಲ. ಗಿಳಿಗೆ ತವರುಮನೆ ಇಲ್ಲ."

ಶಾಮಣ್ಣನಿಗೆ ದೋಣಿಯ ಮೇಲೆ ದ್ವೇಷವೇನಿಲ್ಲ. ಅವನ ಸಂಕಟ ಬೇರೆ. "ಈಗ ಗಂಡ ಹೆಂಡತಿ ಏನನ್ನೂ ಸುಮ್ನೆ ಜೊತೆಯಾಗಿ ಮಾಡೋ ಹಾಗಿಲ್ಲ. ಅವರೆಕಾಯಿ ಸುಲಿದರೂ ಎದುರಿಗೆ ಕ್ಯಾಮೆರಾ. ಹಿತಕಿದ ಬೇಳೆಗಿಂತ ಲೈಕ್ ಜಾಸ್ತಿ. ಮೊದಲೆಲ್ಲ ಜೊತೆಯಾಗಿ ಮಾಡ್ತಿದ್ದದ್ದು ಜಗಳ ಒಂದೇ. ಅದನ್ನೂ ಬಾಗಿಲು ಹಾಕಿಕೊಂಡು ಮಾಡ್ತಿದ್ದರು."

"ನಮ್ಮ ಪರಂಪರೆ ಉಳಿಸಬೇಕು ಶಾಮಣ್ಣ. ನೌಕಾಪಡೆಯವರೇ ಅಜಂತಾ ಚಿತ್ರ ನೋಡಿ ಹಾಯಿಹಡಗು ಮಾಡಿಸಿದಾರೆ. ಕೌಂಡಿನ್ಯ. ಹಲಗೆಗಳನ್ನ ಮೊಳೆ ಹೊಡೀದೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದಿರೋದು. 2025ರ ಮೇನಲ್ಲಿ ನಮ್ಮ ಕಾರವಾರದಲ್ಲೇ ಸೇರಿಸಿಕೊಂಡರು."

"ಅವರು ನೌಕಾಪಡೆ. ನೀನು ಶರ್ಟಿನ ಗುಂಡಿ ಹೊಲಿಸೋಕೆ ಟೈಲರ್ ಹತ್ತಿರ ಹೋಗೋನು."

ಇಷ್ಟು ಹೊತ್ತು ನಾಗೇಶ ಬೋಂಡಾದ ಜೊತೆ ಮೌನವಾಗಿದ್ದ. ಗಂಗೊಳ್ಳಿ ಅವನ ಊರು. "ಹುಳ ಹೊಡೆದಿದೆಯಾ ನೋಡಿದ್ಯಾ?" ಎಂದು ಕಿಟ್ಟಿಯನ್ನು ಕೇಳಿದ.

"ಹೊರಗೆ ಏನೂ ಕಾಣಲ್ಲವಂತೆ."

"ಹೊರಗೆ ಕಾಣೋದೇ ಇಲ್ಲ. ಉಪ್ಪುನೀರಿನ ಹುಳ ಅದು. ಹುಳ ಅಂತೀವಿ, ಜಾತಿಯಲ್ಲಿ ಚಿಪ್ಪಿನದು. ಸಣ್ಣದಿದ್ದಾಗ ಸೂಜಿಮೊನೆಯಷ್ಟು ತೂತು ಮಾಡಿ ಒಳಗೆ ಹೋಗುತ್ತೆ. ಅಲ್ಲೇ ಬೆಳೆದು ದಪ್ಪ ಆಗುತ್ತೆ. ಹಲಗೆ ಮುಟ್ಟಿದರೆ ಗಟ್ಟಿ, ಒಳಗೆ ಪೂರ್ತಿ ಸುರಂಗ. ಸಿಹಿನೀರಿನಲ್ಲಿ ನಿಲ್ಲಿಸಿದರೆ ಸಾಯುತ್ತೆ."

"ನಮ್ಮ ಸೊಸೈಟಿಯ ಲೆಕ್ಕಪತ್ರದ ಹಾಗೆ" ಎಂದ ಶಾಮಣ್ಣ. "ಒಳ್ಳೇದಾಯ್ತು. ಬಚ್ಚಲಿಗೆ ತಂದಿಡು ಕಿಟ್ಟಿ, ಸಿಹಿನೀರು ಹೇಗೂ ಸೋರ್ತಾ ಇದೆ."

"ಇನ್ನೊಂದು" ಎಂದ ನಾಗೇಶ. "ಎಲ್ಲಾ ಸರಿಮಾಡಿ ಇಳಿಸಿದ ಮೇಲೂ ದೋಣಿ ಸೋರುತ್ತೆ. ಬಿಸಿಲಿಗೆ ಒಣಗಿದ ಮರ ಅಲ್ವಾ? ನೀರು ಕುಡಿದು ಉಬ್ಬಬೇಕು. ಉಬ್ಬಿದ ಮೇಲೆ ಸಂದು ಮುಚ್ಚಿಕೊಳ್ಳುತ್ತೆ. ಅಲ್ಲಿವರೆಗೆ ಮೊಗೆದು ಹಾಕ್ತಾ ಇರಬೇಕು."

ಶಾಮಣ್ಣ ಕುರ್ಚಿಯಿಂದ ಎದ್ದೇ ಬಿಟ್ಟ. "ಅಂದರೆ ಸೋರಿದರೆ ಸರಿಯಾಗಿದೆ ಅಂತ! ಇಂಥಾ ಸಿದ್ಧಾಂತವನ್ನೇ ಅಲ್ವಾ ನಮ್ಮ ಪ್ಲಂಬರ್ ಇಷ್ಟು ವರ್ಷ ಹೇಳ್ತಾ ಬಂದದ್ದು!"

ಕಿಟ್ಟಿ ಸೋಲಲಿಲ್ಲ. ಸಂಗಾತಿ ಯಾಕೆ ಬೇಕು ಎಂದು ವಿವರಿಸಿದ. ಹಲಗೆಗೆ ತಾಮ್ರದ ಮೊಳೆ ಹೊಡೆಯಬೇಕಂತೆ. ಒಬ್ಬರು ಹೊರಗೆ ಕೂತು ಮೊಳೆಯ ತಲೆಗೆ ಒಂದು ಭಾರದ ಕಬ್ಬಿಣ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಒಳಗೆ ಕೂತು, ಈಚೆಗೆ ಬಂದ ತುದಿಗೆ ತಾಮ್ರದ ಬಿಲ್ಲೆ ಹಾಕಿ, ಉಳಿದದ್ದನ್ನು ಕತ್ತರಿಸಿ, ಸಣ್ಣ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಮಡಿಸಬೇಕು. ಮುಗಿದ ಮೇಲೆ ಹಲಗೆಯ ಮೇಲೆ ಎರಡು ಸಲ ಕುಟ್ಟಿದರೆ ಮುಂದಿನ ಮೊಳೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ.

"ನಡುವೆ ಹಲಗೆ. ಮುಖ ನೋಡೋ ಹಾಗಿಲ್ಲ. ಮಾತಿಲ್ಲ. ಬೇಕಾದರೆ ಎರಡು ಸಲ ಕುಟ್ಟೋದು" ಎಂದು ಶಾಮಣ್ಣ ಮೆಲ್ಲಗೆ ಹೇಳಿದ. "ಕಿಟ್ಟಿ, ದೋಣಿ ಯಾಕಪ್ಪಾ? ಮನೆಯಲ್ಲೇ ಇದೆಯಲ್ಲ ಈ ವ್ಯವಸ್ಥೆ."

ನಾಗೇಶ ಮಾತ್ರ ನಗಲಿಲ್ಲ.

"ನಮ್ಮಲ್ಲಿ ತಾಮ್ರ ಗೀಮ್ರ ಇರಲಿಲ್ಲ. ಮಳೆಗಾಲಕ್ಕೆ ಮುಂಚೆ ದೋಣಿ ಮೇಲಕ್ಕೆ ಎಳೆದು ಮಡಲು ಹೊದೆಸೋರು. ಅಪ್ಪಯ್ಯ ಸಂದಿನ ಹಳೇ ಹತ್ತಿ ಕೆರೆದು ತೆಗೀತಿದ್ದ. ಅಮ್ಮ ಪಕ್ಕದಲ್ಲಿ ಕಾಲು ಚಾಚಿ ಕೂತು ಹೊಸ ಹತ್ತಿ ಹೊಸೆದು ಕೊಡ್ತಿದ್ದಳು. ತೊಡೆ ಮೇಲೆ ಇಟ್ಟು ಅಂಗೈಯಲ್ಲಿ ಉಜ್ಜಿದರೆ ಮಾರುದ್ದ ಬತ್ತಿ. ದೇವರ ದೀಪಕ್ಕೂ ಅದೇ ಕೈ, ದೋಣಿಗೂ ಅದೇ ಕೈ. ಆಮೇಲೆ ಮೀನೆಣ್ಣೆ ಬಳಿಯೋದು. ಆ ವಾಸನೆಗೆ ಶಾಲೆಯಲ್ಲಿ ನನ್ನ ಪಕ್ಕ ಯಾರೂ ಕೂರ್ತಿರಲಿಲ್ಲ."

"ಈಗೆಲ್ಲಿದೆ ಆ ದೋಣಿ?" ಕಿಟ್ಟಿಯ ಕಣ್ಣು ಅರಳಿತು.

"ಫೈಬರ್ ದೋಣಿ ಬಂತಲ್ಲ. ಹುಳ ಹೊಡೆಯಲ್ಲ, ಹತ್ತಿ ಬೇಡ, ಎಣ್ಣೆ ಬೇಡ. ಅಪ್ಪಯ್ಯನೂ ಒಂದು ತಗೊಂಡ. ಹಳೇದನ್ನ ಒಡೆದು ಬಚ್ಚಲ ಒಲೆಗೆ ಹಾಕಿದ್ವಿ. ಎಣ್ಣೆ ಕುಡಿದ ಮರ, ಹಸಿ ಇದ್ದರೂ ಧಗಧಗ ಉರೀತಿತ್ತು. ಆ ಮಳೆಗಾಲ ಪೂರ್ತಿ ಬಿಸಿನೀರಿಗೆ ಬರವಿಲ್ಲ. ಅಮ್ಮ ಮಾತ್ರ ಆ ಒಲೆಗೆ ಕಟ್ಟಿಗೆ ಒಡ್ಡಲಿಲ್ಲ. ನಮಗೇ ಹಾಕಿ ಅಂತಿದ್ದಳು."

ಬಚ್ಚಲ ಸುದ್ದಿ ಮತ್ತೆ ಬಂದಿತ್ತು. ಆದರೂ ಶಾಮಣ್ಣ ನಲ್ಲಿಯ ಮಾತೆತ್ತಲಿಲ್ಲ. ಇನ್ನೊಂದು ಸುತ್ತು ಕಾಫಿ ಹೇಳಿದ.

"ಮರದ ಹಡಗು ಪೂರ್ತಿ ಹೋಗಿಲ್ಲ ಕಣೋ" ಎಂದು ಸಮಾಧಾನ ಹೇಳಲು ನೋಡಿದ. "ಮಂಗಳೂರಿನ ಹಳೇ ಬಂದರಿನಿಂದ ಮಂಜಿಗಳು ಈಗಲೂ ಲಕ್ಷದ್ವೀಪಕ್ಕೆ ತರಕಾರಿ, ಜಲ್ಲಿ ಹೊರ್ತವೆ."

"ಹೊರ್ತವೆ. ಇಂಜಿನ್ ಹಾಕ್ಕೊಂಡು."

ಅಷ್ಟರಲ್ಲಿ ಪದ್ದು ಬಂದಳು. ತರಕಾರಿ ಚೀಲ ಮೇಜಿನ ಮೇಲಿಟ್ಟಳು. ಗಂಡನ ಮೊಬೈಲಿನಲ್ಲಿ ಯಾರೋ ಇನ್ನೂ ಮೊಳೆ ಹೊಡೆಯುತ್ತಿದ್ದರು. ಒಂದು ನಿಮಿಷ ನೋಡಿದಳು.

"ಹೊರಗೆ ಕಬ್ಬಿಣ ಹಿಡ್ಕೊಂಡು ಕೂರೋದು ಯಾರು?"

"ನೀನು" ಎಂದ ಕಿಟ್ಟಿ. "ಹೊರಗೆ ಗಾಳಿ ಚೆನ್ನಾಗಿ ಬರುತ್ತೆ."

"ಬೇಡ. ನಾನು ಒಳಗಿರ್ತೀನಿ. ಸುತ್ತಿಗೆ ನನ್ನ ಕೈಲಿರಲಿ."

"ಕ್ಯಾಮೆರಾ ಯಾರು ಹಿಡೀತಾರೆ?"

"ನಲ್ಲಿ ರಿಪೇರಿ ಮಾಡಿದವರು."

ನಾಗೇಶ ಕಿಟ್ಟಿಯ ಕಡೆ ಬಗ್ಗಿದ. "ಹಲಗೆ ಹಲಸಿಂದಾ, ಮಾವಿಂದಾ? ಮಾವಿಂದಾದರೆ ದುಡ್ಡು ಕೊಡಬೇಡ. ತಡಿ, ಒಂದ್ಸಲ ಹೋಯಿ ಕಂಡ್ಕಂಡ್ ಬಪ್ಪ."

ಶಾಮಣ್ಣ ಕನ್ನಡಕ ಏರಿಸಿಕೊಂಡು ತನ್ನ ಮೊಬೈಲ್ ತೆಗೆದ. "ಶುಕ್ರವಾರ ಪಂಚಗಂಗಾ ರೈಲಿಗೆ ನಾಲ್ಕು ಟಿಕೆಟ್ ನೋಡ್ತೀನಿ. ಮೂರೇ ಸಿಕ್ಕರೆ ಕಿಟ್ಟಿ ಇಲ್ಲೇ ಇದ್ದು ಪ್ಲಂಬರಿಗೆ ಕಾಯಲಿ."